ಗುಲಾಮಗಿರಿ ಬೇಕಾದರೆ ಅಮೆರಿಕದ್ದು ತಗೊಳ್ಳಿ

ಗಲ್ಫಿನ ಭಾರತೀಯ ಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರಿಗೆ ಎರಡು ಮುಖ್ಯ ಕೆಲಸ. ಗಣಿತದ ಟೀಚರ್ ರಜೆ ಹಾಕಿದ ದಿನ ಅವರ ಪೀರಿಯಡ್ಡಿಗೆ ಹೋಗಿ ಮಕ್ಕಳನ್ನು ಸುಮ್ಮನೆ ಕೂರಿಸುವುದು, ಪರೀಕ್ಷೆ ಹತ್ತಿರ ಬಂದಾಗ ತನ್ನ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುವುದು. ಇವೆರಡರ ನಡುವೆ ಬಿಡುವು ಸಿಕ್ಕರೆ ಪಾಠ ಮಾಡಬಹುದು. ಈಗ ಆ ಕಡೆ ಕೆಲಸಕ್ಕೆ ಹೊರಟಿರುವ ಹುಡುಗಿಯರು ಧಾರವಾಡದ ನಮ್ಮ ಮನೆಗೆ ಬಂದು, ಅಲ್ಲಿ ಹೇಗಿರುತ್ತದೆ ಮೇಡಂ ಎಂದು ಕೇಳುತ್ತಾರೆ. ಅವರಿಗೆ ಬೇಕಾದದ್ದು ಮನೆ ಬಾಡಿಗೆ ಎಷ್ಟು, ಸೆಖೆ ಎಷ್ಟು ಎಂಬುದು. ಅಷ್ಟನ್ನು ಹೇಳಿ ಚಹಾ ಕೊಟ್ಟು ಕಳಿಸುತ್ತೇನೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮವರು ಮಸ್ಕತ್ತಿನಲ್ಲಿ ಸಮುದ್ರದ ನೀರಿನ ಉಪ್ಪು ತೆಗೆಯುವ ಸ್ಥಾವರದಲ್ಲಿ ಇಂಜಿನಿಯರ್ ಆಗಿದ್ದರು. ನಾನು ಅವರ ವೀಸಾದ ಬೆನ್ನು ಹತ್ತಿ ಹೋದವಳು. ಮನೆಯಲ್ಲಿ ಕೂತು ಬೇಸರವಾಗಿ ಶಾಲೆ ಸೇರಿದೆ, ಕೂದಲು ಬೆಳ್ಳಗಾಗುವವರೆಗೆ ಅಲ್ಲೇ ಇದ್ದೆ. ಶಾಲೆಯ ಹೆಸರನ್ನಾಗಲಿ ಅದಿದ್ದ ಬಡಾವಣೆಯನ್ನಾಗಲಿ ಹೇಳುವುದಿಲ್ಲ. ಆಗಿನ ಪ್ರಿನ್ಸಿಪಾಲರು ಇನ್ನೂ ಗಟ್ಟಿಯಾಗಿದ್ದಾರೆ, ಕ್ರಿಸ್‌ಮಸ್ಸಿಗೆ ಫೋನ್ ಮಾಡುತ್ತಾರೆ.

ಮೊದಲ ವರ್ಷದ ನನ್ನ ಪೆದ್ದುತನ ಇದು. ಆರನೇ ತರಗತಿಗೆ, ನಿಮ್ಮ ದೇಶದ ನಕ್ಷೆ ಬರೆಯಿರಿ ಎಂದೆ. ಅರ್ಧ ಮಕ್ಕಳು ಭಾರತ ಬರೆದರು, ಅರ್ಧ ಮಕ್ಕಳು ಒಮಾನ್ ಬರೆದರು, ಒಬ್ಬ ಹುಡುಗ ಕೇರಳವನ್ನು ಮಾತ್ರ ಬರೆದು ಸುತ್ತಲೂ ನೀಲಿ ಬಣ್ಣ ಹಚ್ಚಿದ್ದ. ನಾನು ಭಾರತಕ್ಕೆ ಮಾತ್ರ ಅಂಕ ಕೊಟ್ಟೆ. ಮರುದಿನ ಪ್ರಿನ್ಸಿಪಾಲ್ ಲೋಬೊ ಸರ್ ಕರೆದರು. ಉಡುಪಿ ಕಡೆಯವರು, ಮನೆಯಲ್ಲಿ ಕೊಂಕಣಿ, ನನ್ನ ಜೊತೆ ಕನ್ನಡ.

"ಟೀಚರ್, ಒಮಾನ್ ಬರೆದ ಮಕ್ಕಳಿಗೆ ಸೊನ್ನೆ ಹಾಕಿದ್ದೀರಂತೆ. ನಾವು ಕೂತದ್ದು ಯಾವ ದೇಶದಲ್ಲಿ?"

"ಒಮಾನಿನಲ್ಲಿ ಸರ್."

"ಹಾಗಾದ್ರೆ ಅವರಿಗೂ ಫುಲ್ ಮಾರ್ಕ್ಸ್ ಕೊಡಿ. ಕೇರಳದವನಿಗೂ ಕೊಡಿ. ಅವನ ಅಪ್ಪ ಪಿ.ಟಿ.ಎ.ಯಲ್ಲಿ ಇದ್ದಾರೆ."

ಹೀಗೆ ನನ್ನ ಭೂಗೋಳದ ಪಾಠ ಶುರುವಾಯಿತು. ಆಮೇಲೆ ಕಲಿಸುವ ಪದ್ಧತಿಗಳು ಬದಲಾಗುತ್ತ ಹೋದವು. ಸೀಮೆಸುಣ್ಣ ಹೋಗಿ ಸ್ಮಾರ್ಟ್ ಬೋರ್ಡ್ ಬಂತು, ಅದು ಕೆಟ್ಟಾಗ ಬರೆಯಲು ಸೀಮೆಸುಣ್ಣ ಇರಲಿಲ್ಲ. ಪಾಠ ಹೋಗಿ 'ಆಕ್ಟಿವಿಟಿ' ಬಂತು. ಆಕ್ಟಿವಿಟಿ ಎಂದರೆ ಮಕ್ಕಳು ಮಾಡಬೇಕಾದ ಕೆಲಸವನ್ನು ಅಮ್ಮಂದಿರು ಮನೆಯಲ್ಲಿ ಥರ್ಮೋಕೋಲಿನಲ್ಲಿ ಮಾಡಿ ಕಳಿಸುವುದು.

ಒಮ್ಮೆ ಒಂಬತ್ತನೇ ತರಗತಿಯನ್ನು ರುಸ್ತಾಕ್ ಕೋಟೆ ತೋರಿಸಲು ಕರೆದೊಯ್ದಿದ್ದೆವು. ಗೈಡ್ ಒಬ್ಬ ಮುದುಕ, ಗೋಡೆಯ ದಪ್ಪ, ಬಾವಿಯ ಆಳ ಎಲ್ಲ ಹೇಳಿದ. ಆ ತರಗತಿಯ ಅನಘಾ ಎಂಬ ಹುಡುಗಿ ಕೈಯೆತ್ತಿ, "ಹೂ ಕ್ಯಾರೀಡ್ ಆಲ್ ದೀಸ್ ಸ್ಟೋನ್ಸ್? ಸ್ಲೇವ್ಸ್?" ಎಂದು ಕೇಳಿದಳು. ಮುದುಕ ನಕ್ಕು ಎಲ್ಲರಿಗೂ ಖರ್ಜೂರ ಹಂಚಿದ. ಲೋಬೊ ಸರ್ ನಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತರು.

"ಟೀಚರ್, ಇಲ್ಲಿಯ ವಿಷಯ ಎಲ್ಲ ನಮಗೆ ಬೇಡ. ನಾವು ಊಟ ಮಾಡುವ ಜಾಗ ಇದು. ಗುಲಾಮಗಿರಿ ಬೇಕಾದ್ರೆ ಅಮೆರಿಕದ್ದು ತಗೊಳ್ಳಿ. ಅದು ದೂರ ಉಂಟು."

ನನಗೂ ಅದು ಸರಿ ಎನಿಸಿತು. ದೂರದ ಪಾಪವನ್ನು ಕಲಿಸುವುದು ಸುಲಭ, ಯಾರ ಅಪ್ಪನೂ ದೂರು ಕೊಡುವುದಿಲ್ಲ.

ನಮ್ಮ ಪುಸ್ತಕದಲ್ಲಿ ಅಮೆರಿಕದ ಅಂತರ್ಯುದ್ಧ ಒಂದು ಬಣ್ಣದ ಚೌಕಟ್ಟಿನೊಳಗೆ ಕೂತಿತ್ತು. ಕಾರಣಗಳು ಮೂರು: ಗುಲಾಮಗಿರಿ, ಆರ್ಥಿಕತೆ, ಪ್ರಾಂತೀಯ ಕಲಹ. ಮಕ್ಕಳು ಉರು ಹೊಡೆದು ಒಂದೊಂದಕ್ಕೆ ಒಂದೊಂದು ಅಂಕ ತೆಗೆದುಕೊಳ್ಳುತ್ತಿದ್ದರು. ಅವು ಮೂರಲ್ಲ, ಒಂದೇ ಎಂದು ನಾನು ಪ್ರತಿ ವರ್ಷ ಹೇಳುತ್ತಿದ್ದೆ. ದಕ್ಷಿಣದವರ ಐಶ್ವರ್ಯವೆಲ್ಲ ಹತ್ತಿಯಲ್ಲಿತ್ತು, ಹತ್ತಿ ಗುಲಾಮರ ಕೈಯಲ್ಲಿತ್ತು. ಉತ್ತರದವರು ಅದೇ ಹತ್ತಿಯನ್ನು ಕೊಂಡು ಮಿಲ್ಲು ನಡೆಸುತ್ತ ನ್ಯಾಯ ಹೇಳುತ್ತಿದ್ದರು. ಪಶ್ಚಿಮದಲ್ಲಿ ಹೊಸ ರಾಜ್ಯಗಳು ಹುಟ್ಟಿದಾಗ ಅಲ್ಲಿ ಗುಲಾಮರನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಜಗಳ ಹತ್ತಿತು. ಜಗಳ ಲಾಭದ್ದು ಎಂದು ಹೇಳಿಕೊಳ್ಳಲು ನಾಚಿಕೆಯಾದಾಗ ಜನ ಅದನ್ನು ನಮ್ಮ ಸೀಮೆ, ನಮ್ಮ ಪದ್ಧತಿ ಎನ್ನುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಬೆಲ್ಲು ಹೊಡೆಯುತ್ತಿತ್ತು. ಮಕ್ಕಳು ಪರೀಕ್ಷೆಯಲ್ಲಿ ಮತ್ತೆ ಮೂರೇ ಬರೆಯುತ್ತಿದ್ದರು.

ಈಗ ಅನಘಾಳ ಮನೆಯ ವಿಷಯ. ಮಸ್ಕತ್ತಿನ ಅಲ್ ಗುಬ್ರಾದಲ್ಲಿ ನಮ್ಮದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದರು. ತಾಯಿ ಸುಜಾತಾ ಬೆಳಗಾವಿಯವಳು, ಬ್ಯಾಂಕಿನಲ್ಲಿ ಕೆಲಸ. ತಂದೆ ರಮೇಶ ಬಳ್ಳಾರಿಯವರು, ಕಟ್ಟಡ ಕಟ್ಟುವ ಕಂಪನಿಯಲ್ಲಿ ಮ್ಯಾನೇಜರ್. ಒಳ್ಳೆಯ ಜನ. ನನಗೆ ಚಿಕನ್‌ಗುನ್ಯಾ ಬಂದಾಗ ಸುಜಾತಾ ದಿನವೂ ಗಂಜಿ ಕಳಿಸಿದ್ದಾಳೆ, ಅದನ್ನು ನಾನು ಮರೆತಿಲ್ಲ. ಆ ಗಂಜಿ ಮಾಡುತ್ತಿದ್ದವಳು, ಮಹಡಿ ಇಳಿದು ತಂದುಕೊಡುತ್ತಿದ್ದವಳು ಅವರ ಮನೆಗೆಲಸದ ಹುಲಿಗೆಮ್ಮ.

ಹುಲಿಗೆಮ್ಮ ಮಾನ್ವಿ ಕಡೆಯವಳು. ಗಂಡ ಇಲ್ಲ, ಒಬ್ಬಳೇ ಮಗಳು. ರಮೇಶರೇ ಅವಳ ಕಫೀಲ್, ಅಂದರೆ ವೀಸಾಕ್ಕೆ ಜವಾಬ್ದಾರರು. ಪಾಸ್‌ಪೋರ್ಟ್ ಸುಜಾತಾಳ ಬೀರುವಿನಲ್ಲಿ, ಚಿನ್ನದ ಜೊತೆ. ಕೆಲಸದವರ ಪಾಸ್‌ಪೋರ್ಟನ್ನು ಹಾಗೆ ಇಟ್ಟುಕೊಳ್ಳಬಾರದು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಎಲ್ಲರೂ ಇಟ್ಟುಕೊಂಡಿರುತ್ತಾರೆ. ಕಳೆದುಹೋದರೆ ಅವಳಿಗೇ ತೊಂದರೆ ಎನ್ನುತ್ತಾರೆ.

ಅನಘಾ ನನ್ನ ಕಾರಿನಲ್ಲೇ ಶಾಲೆಗೆ ಬರುತ್ತಿದ್ದಳು. ಹುಲಿಗೆಮ್ಮ ಬ್ಯಾಗು ಹೊತ್ತು ಕೆಳಗೆ ಬಂದು ಡಿಕ್ಕಿಯಲ್ಲಿಟ್ಟು, ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಟೀಚರಮ್ಮ, ಪರೀಕ್ಷಿ ಯಾವಾಗ ಮುಗೀತಾವ್ರಿ?"

ಓದುಬರಹ ಇಲ್ಲದ ಹೆಂಗಸಿಗೆ ಹುಡುಗಿಯ ಓದಿನ ಮೇಲೆ ಎಷ್ಟು ಕಾಳಜಿ ಎಂದುಕೊಂಡು ನಾನು ವಿವರವಾಗಿ ಹೇಳುತ್ತಿದ್ದೆ. ಯೂನಿಟ್ ಟೆಸ್ಟು ಮುಗಿದ ಮೇಲೆ ಅರ್ಧ ವಾರ್ಷಿಕ, ಅದಾದ ಮೇಲೆ ಇನ್ನೊಂದು ಯೂನಿಟ್ ಟೆಸ್ಟು, ಆಮೇಲೆ ವಾರ್ಷಿಕ, ಮುಂದಿನ ವರ್ಷ ಹತ್ತನೇ ತರಗತಿ, ಅಲ್ಲಿ ಪ್ರಿ-ಬೋರ್ಡು, ಬೋರ್ಡು. ಅವಳ ಮುಖ ಸಣ್ಣಗಾಗುತ್ತಿತ್ತು. ಪಾಪ, ಹುಡುಗಿಯ ಕಷ್ಟ ನೋಡಲಾರಳು ಎಂದುಕೊಳ್ಳುತ್ತಿದ್ದೆ.

ಒಂದು ದಿನ ಅವಳೇ ಹೇಳಿದಳು. ಒಪ್ಪಂದದ ಎರಡು ವರ್ಷ ಯಾವಾಗಲೋ ಮುಗಿದಿತ್ತು. ಊರಿಗೆ ಹೋಗುತ್ತೇನೆ ಎಂದಾಗ ಸುಜಾತಾ, ಪರೀಕ್ಷೆ ಮುಗಿಯಲಿ ಎಂದಿದ್ದಳಂತೆ.

"ಮಗಳು ಬಸುರಿ ಅದಾಳ್ರಿ. ಏಳು ತುಂಬ್ಯಾವು. ಚೊಚ್ಚಲ ಬಾಣಂತನ ತೌರಮನ್ಯಾಗ ಆಗಬೇಕಲ್ರಿ. ತೌರಮನಿ ಅಂದ್ರ ನಾನ ಅಲ್ರಿ. ನಾ ಇಲ್ಲಿ ಬೀಗ ಹಾಕ್ಕೊಂಡು ಕುಂತೀನಿ."

ಅಂದು ಸಂಜೆ ಮೇಲೆ ಹೋದೆ. ಸುಜಾತಾ ಚಕ್ಕುಲಿ ಇಟ್ಟಳು. ವಿಷಯ ತೆಗೆದೆ.

"ಅಯ್ಯ ವೈನಿ, ಆಕೀನ ನಾವು ಮನಿಯಾಕಿ ಹಂಗ ನೋಡ್ಕೊಂಡೀವಿ. ನಾವು ಉಂಡಿದ್ದ ಆಕೀ ಉಣ್ತಾಳ. ಆಕೀನ ಕರಸಲಿಕ್ಕೆ ಎಷ್ಟು ಖರ್ಚಾಗ್ಯದ ನಿಮಗ ಗೊತ್ತದ ಏನು? ಅಲ್ಲಿ ಹೋಗಿ ಏನ್ ಮಾಡ್ತಾಳ, ಮತ್ತ ಕೂಲಿಗೇ ಹೋಗಬೇಕು. ಹೋಗಬ್ಯಾಡ ಅಂತ ಯಾರಂದಾರ? ಈಗ ಬ್ಯಾಡ ಅಂತೀವಿ, ಅಷ್ಟ."

ಸುಜಾತಾ ಇದನ್ನು ಸಿಟ್ಟಿನಿಂದ ಹೇಳಲಿಲ್ಲ, ಸುಳ್ಳೂ ಹೇಳಲಿಲ್ಲ. ನಾನು ಹೂಂ ಎಂದೆ. ಚಕ್ಕುಲಿ ಚೆನ್ನಾಗಿತ್ತು, ಹುಲಿಗೆಮ್ಮ ಮಾಡಿದ್ದು. ಅನಘಾ ಪಕ್ಕದ ಸೋಫಾದಲ್ಲಿ ಮೊಬೈಲು ನೋಡುತ್ತ ಕೂತಿದ್ದಳು. ಮೊಬೈಲು ನೋಡುವ ಮಕ್ಕಳಿಗೆ ಕಿವಿ ಕೇಳುವುದಿಲ್ಲ ಎಂದು ತಿಳಿದುಕೊಳ್ಳಬೇಡಿ. ಇದು ಹೊಸ ಟೀಚರುಗಳಿಗೆ ನನ್ನ ಸಲಹೆ.

ಆ ವರ್ಷ ಸಮಾಜ ವಿಜ್ಞಾನ ಸಪ್ತಾಹದಲ್ಲಿ ಒಂದು ಚರ್ಚೆ ಇಟ್ಟೆ. ಕಾಲ, ಅಂತರ್ಯುದ್ಧದ ಹಿಂದಿನ ದಿನಗಳು. ವಿಷಯ, ಗುಲಾಮಗಿರಿ ಇರಬೇಕೋ ಬೇಡವೋ. ಕಿಟಕಿ ಕಡೆಯ ಬೆಂಚಿನವರು ಉತ್ತರ, ಬಾಗಿಲ ಕಡೆಯವರು ದಕ್ಷಿಣ. ಅನಘಾ ಬಾಗಿಲ ಕಡೆ ಕೂರುತ್ತಿದ್ದಳು, ಅದಕ್ಕೇ ತೋಟದ ಯಜಮಾನಿಯಾದಳು. ಅಂತರ್ಜಾಲದಿಂದ ಇಳಿಸಿಕೊಂಡು ಬಂದರೆ ಅಂಕ ಇಲ್ಲ, ಮನೆ ನಡೆಸುವವರು ಹೇಗೆ ಮಾತಾಡುತ್ತಾರೋ ಹಾಗೆ ಮಾತಾಡಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದ್ದೆ. ಅದು ನನ್ನ ಪದ್ಧತಿ. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಗುರುವಾರ ಮಧ್ಯಾಹ್ನ, ಸಭಾಂಗಣದಲ್ಲಿ ತಂದೆತಾಯಂದಿರು ತುಂಬಿದ್ದರು. ಸುಜಾತಾ ರಜೆ ಹಾಕಿ ಬಂದಿದ್ದಳು. ಹುಲಿಗೆಮ್ಮನೂ ಬಂದಿದ್ದಳು, ಯಾಕೆಂದರೆ ಯಜಮಾನಿಯ ಉದ್ದನೆಯ ಕೋಟನ್ನು ಹೊಲಿದವಳು ಅವಳೇ. ಹಿಂದೆ ಪಿನ್ನು ಹಾಕಿಕೊಡಲು ಬೇರೆ ಯಾರಿಗೂ ಬರುತ್ತಿರಲಿಲ್ಲ. ಕಾರ್ಯಕ್ರಮ ಇಂಗ್ಲಿಷಿನಲ್ಲಿ. ಸಮಯ ಮೀರಿದರೆ ಹೊಡೆಯುವ ಗಂಟೆ ಹಿಡಿದುಕೊಂಡು ನಾನು ವೇದಿಕೆಯ ಮೂಲೆಯಲ್ಲಿ ಕೂತಿದ್ದೆ.

ಉತ್ತರದವರು ಸ್ವಾತಂತ್ರ್ಯ, ಸಮಾನತೆ ಎಂದೆಲ್ಲ ಹೇಳಿದರು. ಜನ ಆಕಳಿಸಿದರು. ಅನಘಾ ಎದ್ದು ನಿಂತು, ಟೊಪ್ಪಿಗೆ ಸರಿಮಾಡಿಕೊಂಡು, ಸಮಾಧಾನದ ದನಿಯಲ್ಲಿ ಶುರುಮಾಡಿದಳು. ನಾವು ಅವರನ್ನು ಮನೆಯವರ ಹಾಗೆ ನೋಡಿಕೊಂಡಿದ್ದೇವೆ. ನಾವು ಉಂಡದ್ದನ್ನೇ ಅವರೂ ಉಣ್ಣುತ್ತಾರೆ. ಅವರನ್ನು ಕರೆಸಲು ಎಷ್ಟು ಖರ್ಚಾಗಿದೆ ನಿಮಗೆ ಗೊತ್ತೇ? ಹೊರಗೆ ಹೋಗಿ ಏನು ಮಾಡುತ್ತಾರೆ, ಮತ್ತೆ ಕೂಲಿಗೇ ಹೋಗಬೇಕು. ಹೋಗಬೇಡಿ ಎಂದು ಯಾರು ಹೇಳಿದರು? ಈಗ ಬೇಡ ಎನ್ನುತ್ತಿದ್ದೇವೆ, ಅಷ್ಟೆ. ಹತ್ತಿ ಬಿಡಿಸುವುದು ಮುಗಿಯಲಿ.

ಎರಡನೇ ವಾಕ್ಯಕ್ಕೇ ಇದು ಎಲ್ಲಿಯ ಮಾತೆಂದು ನನಗೆ ಗೊತ್ತಾಯಿತು. ಗಂಟೆ ಕೈಯಲ್ಲೇ ಇತ್ತು, ಆದರೆ ಹುಡುಗಿಗೆ ಇನ್ನೂ ಸಮಯವಿತ್ತು.

ಕೊನೆಗೆ ಸಭಿಕರು ಕೈಯೆತ್ತಿ ತೀರ್ಪು ಕೊಡಬೇಕಿತ್ತು. ಗುಲಾಮಗಿರಿ ದೊಡ್ಡ ಬಹುಮತದಿಂದ ಗೆದ್ದಿತು. ಲೋಬೊ ಸರ್ ಅನಘಾಳಿಗೆ ಕಪ್ ಕೊಟ್ಟರು. ಸುಜಾತಾ ಹೆಮ್ಮೆಯಿಂದ ಫೋಟೋ ತೆಗೆದಳು.

ಅವಳ ಕಾರು ಗ್ಯಾರೇಜಿನಲ್ಲಿದ್ದುದರಿಂದ ಎಲ್ಲರೂ ನನ್ನ ಕಾರಿನಲ್ಲೇ ಹೊರಟೆವು. ಸುಜಾತಾ ಮುಂದೆ, ಅನಘಾ ಮತ್ತು ಹುಲಿಗೆಮ್ಮ ಹಿಂದೆ. ಕೋಟನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಹುಲಿಗೆಮ್ಮ ಕೇಳಿದಳು.

"ಟೀಚರಮ್ಮ, ನಮ್ಮ ಹುಡುಗಿ ಏನ್ ಮಾತಾಡಿದ್ಲ್ರಿ? ಎಲ್ಲಾರೂ ಅಷ್ಟು ಚಪ್ಪಾಳಿ ಹೊಡದ್ರು."

ನಾನು ಸುಜಾತಾಳ ಕಡೆ ನೋಡಿದೆ. "ಹೇಳ್ರಿ ವೈನಿ" ಎಂದಳು ಅವಳು, ನಗುತ್ತ. ಹೇಳಿದೆ. ಬೇರೆ ಏನು ಮಾಡಲಿ, ಟೀಚರಿಗೆ ಯಾರಾದರೂ ಕೇಳಿದರೆ ಹೇಳುವುದು ಅಭ್ಯಾಸ. ಹಿಂದೆ ಅಮೆರಿಕದಲ್ಲಿ ಗುಲಾಮರನ್ನು ಇಟ್ಟುಕೊಂಡವರ ಮಾತು ಇವು ಎಂದು, ಒಂದೊಂದನ್ನೇ ನಮ್ಮ ಕಡೆಯ ಕನ್ನಡದಲ್ಲಿ ಹೇಳುತ್ತ ಹೋದೆ. ಮನಿಯಾಕಿ ಹಂಗ ನೋಡ್ಕೊಂಡೀವಿ. ನಾವು ಉಂಡಿದ್ದ ಉಣ್ತಾಳ. ಹೋಗಬ್ಯಾಡ ಅಂತ ಯಾರಂದಾರ. ಅರ್ಧಕ್ಕೆ ಬರುವಷ್ಟರಲ್ಲಿ ಸುಜಾತಾ ಕಿಟಕಿಯ ಆಚೆ ನೋಡುತ್ತಿದ್ದಳು.

"ಹೌದಲ್ರೀ, ನಮ್ಮ ಅಮ್ಮಾರೂ ಹಿಂಗ ಅಂತಾರ" ಎಂದಳು ಹುಲಿಗೆಮ್ಮ. ಅವಳ ದನಿಯಲ್ಲಿ ಕೊಂಕಿರಲಿಲ್ಲ, ಗುರುತು ಸಿಕ್ಕ ಖುಷಿಯಷ್ಟೇ ಇತ್ತು. "ಆಮ್ಯಾಲ ಆ ಮಂದಿಗೆ ಏನಾತ್ರಿ?"

"ಯುದ್ಧ ಆತು ಹುಲಿಗೆಮ್ಮ. ಅವರನ್ನ ಬಿಟ್ರು."

"ಊರಿಗೆ ಹೋದ್ರೇನ್ರಿ?"

"ಇಲ್ಲ. ಅವರಿಗೆ ಹೋಗಲಿಕ್ಕೆ ಊರ ಇರಲಿಲ್ಲ."

"ನನಗೈತ್ರಿ" ಎಂದಳು.

ಕಾರಿನ ಕನ್ನಡಿಯಲ್ಲಿ ಅನಘಾಳ ಮುಖ ಕಾಣಿಸಿತು. ಅವಳಿಗೆ ಆಗ ತಿಳಿಯಿತು. ಅಲ್ಲಿಯವರೆಗೆ ಅವಳು ಅಂಕಕ್ಕಾಗಿ ಮಾತಾಡಿದ್ದಳು.

ಶುಕ್ರವಾರ, ಶನಿವಾರದ ವಾರದ ರಜೆ ಮುಗಿದು ಭಾನುವಾರ ಲೋಬೊ ಸರ್ ಕರೆದರು. ನಾನು ರಾಜೀನಾಮೆಗೆ ಸಿದ್ಧಳಾಗಿಯೇ ಹೋದೆ.

"ಟೀಚರ್, ಪೇರೆಂಟ್ಸಿಂದ ಕಂಪ್ಲೇಂಟ್ ಬಂದಿದೆ. ನಮ್ಮ ಮಗುವಿಗೆ ಯಾಕೆ ಉತ್ತರ ಕೊಟ್ಟದ್ದು, ದಕ್ಷಿಣ ಕೊಟ್ಟಿದ್ರೆ ಗೆಲ್ತಿತ್ತು ಅಂತ. ಮುಂದಿನ ವರ್ಷ ಎಂತ ಮಾಡುವ? ಫ್ರೆಂಚ್ ರೆವಲ್ಯೂಷನ್ ಆಗ್ಬಹುದಾ?"

"ಅದರಲ್ಲಿ ರಾಜನ ತಲೆ ಕಡಿಯುತ್ತಾರೆ ಸರ್."

ಅವರು ಗೋಡೆಯ ಮೇಲಿದ್ದ ಸುಲ್ತಾನರ ಫೋಟೋ ನೋಡಿ, ಎದ್ದು ಬಾಗಿಲು ಹಾಕಿ ಬಂದರು. "ಹಾಗಾದ್ರೆ ಬೇಡ. ಸೋಲಾರ್ ಸಿಸ್ಟಮ್ ಮಾಡುವ."

ಅಷ್ಟರಲ್ಲಿ ಮೇಲಿನ ಮಹಡಿಯಲ್ಲಿ ಯುದ್ಧ ಆರಂಭವಾಗಿತ್ತು. ಅರ್ಧ ವಾರ್ಷಿಕ ಪರೀಕ್ಷೆ ಬರೆಯುವುದಿಲ್ಲ ಎಂದು ಅನಘಾ ಕೂತಳು. ಪರೀಕ್ಷೆ ಮುಗಿದ ಮೇಲೆ ಹುಲಿಗೆಮ್ಮನನ್ನು ಕಳಿಸುತ್ತೀರಂತಲ್ಲ, ನಾನು ಬರೆಯುವುದೇ ಇಲ್ಲ, ಹಾಗಾದರೆ ಮುಗಿಯುವುದಕ್ಕೆ ಏನೂ ಉಳಿಯುವುದಿಲ್ಲ, ಈಗಲೇ ಕಳಿಸಿ ಎಂದು ಅವಳ ವಾದ. ಪುಸ್ತಕದಲ್ಲಿದ್ದ ಕಾರಣಗಳೆಲ್ಲ ಆ ಫ್ಲ್ಯಾಟಿನಲ್ಲೂ ಇದ್ದವು. ಹೊಸ ಕೆಲಸದವಳ ವೀಸಾಕ್ಕೆ ಎಷ್ಟು ಬೀಳುತ್ತದೆ ಎಂದು ರಮೇಶ. ಬಳ್ಳಾರಿಯವರಿಗೆ ಬರೀ ಲೆಕ್ಕವೇ ಗೊತ್ತು ಎಂದು ಸುಜಾತಾ. ಬೆಳಗಾವಿಯವರಿಗೆ ಒಂದು ಲೋಟ ತೊಳೆಯಲು ಬರುವುದಿಲ್ಲ ಎಂದು ರಮೇಶ. ಹುಲಿಗೆಮ್ಮ ಎರಡೂ ಪಡೆಗೆ ಅಡುಗೆ ಮಾಡಿ ಬಡಿಸುತ್ತಿದ್ದಳು. ಅವಳ ಮಗಳಿಗೆ ಎಂಟು ತುಂಬಿತು.

ಶುಕ್ರವಾರ ಮಧ್ಯಾಹ್ನ ರಮೇಶ ಫೋನ್ ಮಾಡಿದರು. "ವೈನಿ, ನೀವ ಬಂದು ಹುಡುಗಿಗೆ ಬುದ್ಧಿ ಹೇಳ್ರಿ. ನೀವ ಕಲಿಸಿದ್ದು."

ಹೋದೆ. ಎಲ್ಲರೂ ಹಾಲಿನಲ್ಲಿದ್ದರು, ಹುಲಿಗೆಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಹುಡುಗಿಗೆ ಬುದ್ಧಿ ಹೇಳಲು ಬಾಯಿ ತೆರೆದೆ.

"ಪಪ್ಪಾ, ಟೆಲ್ ದ ಬುರೈಮಿ ಸ್ಟೋರಿ" ಎಂದಳು ಅನಘಾ.

ಬುರೈಮಿಯ ಕತೆ ನಮಗೆಲ್ಲ ಬಾಯಿಪಾಠ. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ, ಯಾರ ಮನೆಯಲ್ಲಿ ಊಟಕ್ಕೆ ಸೇರಿದರೂ ರಮೇಶ ಅದನ್ನು ಹೇಳುತ್ತಿದ್ದರು. ಡಿಪ್ಲೊಮಾ ಮುಗಿಸಿ ಮೊದಲ ಸಲ ಗಲ್ಫಿಗೆ ಬಂದಾಗ ಒಮಾನಿನ ಗಡಿಯಲ್ಲಿರುವ ಬುರೈಮಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ, ಅಲ್ಲಿಯ ಕಫೀಲ್ ಇವರ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದ, ಇವರ ತಂದೆ ತೀರಿಕೊಂಡಾಗ ಕೊಡಲಿಲ್ಲ.

"ಈಗ್ಯಾಕ ಅದು?" ಎಂದರು ರಮೇಶ.

"ಹುಲಿಗೆಮ್ಮಾ ಆಂಟಿ ಕೇಳಿಲ್ಲ. ಟೆಲ್ ಹರ್."

ಹುಲಿಗೆಮ್ಮ ಸೆರಗು ಸರಿಮಾಡಿಕೊಂಡು, "ಹೇಳ್ರಿ ಸಾವ್ಕಾರ" ಎಂದಳು. ಮನೆಯವರು ಕತೆ ಹೇಳುವಾಗ ಅವಳು ಯಾವಾಗಲೂ ಅಡುಗೆಮನೆಯಲ್ಲಿ ಇರುತ್ತಿದ್ದಳು. ಅವಳಿಗೆ ನಿಜವಾಗಿ ಕೇಳುವ ಆಸೆ ಇತ್ತು.

ರಮೇಶ ಶುರುಮಾಡಿದರು. ಅಂಗಡಿ, ಅದರ ಹಿಂದಿನ ಕೋಣೆ, ಊರಿನಿಂದ ಬಂದ ಫೋನು. "ನಾ ಅವನ ಕಾಲು ಹಿಡಕೊಂಡೆ. ಹೋಗಿ ಹತ್ತ ದಿನದಾಗ ಬರ್ತೀನಿ ಅಂದೆ. ಅವ ಅಂದ, ನಾನೇನ್ ನಿನಗ ಹೋಗಬ್ಯಾಡ ಅಂದಿಲ್ಲ, ಈಗ..." ಇಷ್ಟು ಹೇಳಿ ನಿಂತರು. ಇತರ ದಿನಗಳಲ್ಲಿ ಈ ಜಾಗದಲ್ಲಿ ಅವರ ಸಿಟ್ಟು ಏರುತ್ತಿತ್ತು, ನಾವೆಲ್ಲ ಆ ಕಫೀಲನಿಗೆ ಶಾಪ ಹಾಕುತ್ತಿದ್ದೆವು.

"ಮುಂದ ಏನಾತ್ರಿ?" ಎಂದಳು ಹುಲಿಗೆಮ್ಮ.

"ಮುಂದ ಏನಿಲ್ಲ" ಎಂದರು ರಮೇಶ. ಎದ್ದು ಒಳಗೆ ಹೋದರು. ಬೀರು ತೆರೆಯುವ ಸದ್ದು ಕೇಳಿಸಿತು. ಸುಜಾತಾ ಅಳತೊಡಗಿದಳು. ನನಗೂ ಅಳು ಬಂತು, ಯಾರ ಸಲುವಾಗಿ ಎಂದು ಹೇಳಲಾರೆ. ಅವರ ತಂದೆಯ ಸಾವಿಗೆ ನಾವು ಯಾರೂ ಅಷ್ಟು ವರ್ಷ ಸರಿಯಾಗಿ ದುಃಖಪಟ್ಟಿರಲಿಲ್ಲ, ಕತೆಯ ರುಚಿ ಮಾತ್ರ ನೋಡಿದ್ದೆವು.

ರಮೇಶ ಪಾಸ್‌ಪೋರ್ಟ್ ತಂದು ಹುಲಿಗೆಮ್ಮನ ಕೈಗೆ ಕೊಟ್ಟರು. ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಎಲ್ಲಿಡಬೇಕು ಎಂದು ತಿಳಿಯದೆ, ಕೊನೆಗೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಂದು ರಾತ್ರಿಯ ಅಡುಗೆಯನ್ನೂ ಅವಳೇ ಮಾಡಿದಳು.

ಮೊಮ್ಮಗಳು ಹುಟ್ಟುವಾಗ ಹುಲಿಗೆಮ್ಮ ಮಾನ್ವಿಯಲ್ಲಿದ್ದಳು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳು ಹೊರಟ ದಿನ ರಮೇಶರಿಗೆ ಸೈಟಿನ ಮೀಟಿಂಗು, ಅನಘಾಳಿಗೆ ಗಣಿತದ ಪರೀಕ್ಷೆ, ಸುಜಾತಾಳಿಗೆ ತಲೆನೋವು. ಸುಜಾತಾ ಕೂಸಿಗೆ ಕುಲಾವಿ, ಬಾಣಂತಿಗೆ ಎರಡು ಸೀರೆ ಕಟ್ಟಿಕೊಟ್ಟು, ತಬ್ಬಿಕೊಂಡು ಅತ್ತು, ಒಳಗೆ ಹೋಗಿ ಮಲಗಿದ್ದಳು. ವಿಮಾನ ನಿಲ್ದಾಣಕ್ಕೆ ನಾನೇ ಕರೆದೊಯ್ದೆ.

ದಾರಿಯುದ್ದಕ್ಕೂ ಪಾಸ್‌ಪೋರ್ಟ್ ಅವಳ ಕೈಯಲ್ಲೇ ಇತ್ತು. ಸಾಮಾನು ಕೊಡುವ ಕೌಂಟರಿನಲ್ಲಿ ಸ್ಕಾರ್ಫ್ ಕಟ್ಟಿದ ಹುಡುಗಿ ಕೈ ಚಾಚಿ, "ಪಾಸ್‌ಪೋರ್ಟ್" ಎಂದಳು. ಹುಲಿಗೆಮ್ಮ ನನ್ನ ಕಡೆ ತಿರುಗಿದಳು.

"ಕೊಟ್ರ ತಿರುಗಿ ಕೊಡ್ತಾರೇನ್ರಿ ಟೀಚರಮ್ಮ?"

"ಕೊಡ್ತಾರ ಹುಲಿಗೆಮ್ಮ. ನೋಡಿ ಕೊಡ್ತಾರ" ಎಂದೆ.

ಅವಳು ಕೊಡಲಿಲ್ಲ. ಈ ಮಾತನ್ನು ಅವಳು ಹಿಂದೆ ಒಮ್ಮೆ ನಂಬಿದ್ದಳು, ಇದೇ ವಿಮಾನ ನಿಲ್ದಾಣದಲ್ಲಿ, ಬಂದಿಳಿದ ದಿನ, ಕನ್ನಡ ಮಾತಾಡುವ ಒಳ್ಳೆಯ ಜನರಿಂದಲೇ ಕೇಳಿ. ಹುಡುಗಿ ಹಿಂದಿಯಲ್ಲಿ ಇನ್ನೊಮ್ಮೆ ಕೇಳಿದಳು. ಹುಲಿಗೆಮ್ಮ ಪಾಸ್‌ಪೋರ್ಟನ್ನು ಬಿಡಿಸಿ, ಎರಡೂ ಕೈಯಿಂದ ಬಿಗಿಯಾಗಿ ಹಿಡಿದು, ತನ್ನ ಫೋಟೋ ಇದ್ದ ಪುಟವನ್ನು ಅವಳ ಮುಖದ ಹತ್ತಿರ ಒಯ್ದಳು.

"ಇಲ್ಲಿಂದನ ನೋಡವಾ ತಂಗಿ."

ಹಿಂದೆ ಸಾಲು ಬೆಳೆಯುತ್ತಿತ್ತು. ಯಾರೋ ಯಲ್ಲಾ, ಯಲ್ಲಾ, ಬೇಗ ಬೇಗ ಎನ್ನುತ್ತಿದ್ದರು. ನಾನು ಅವಳಿಗೆ ಅವಸರ ಮಾಡಲಿಲ್ಲ.